ಅತ್ತೆಯ ತಲೆ, ದೊಡ್ಡ ಮಾವನ ತೀರ್ಮಾನ

ಅತ್ತೆಯ ಬೆನ್ನು ಗೀರಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದೊಡ್ಡ ಮಾವ ಹೇಳುತ್ತಾರೆ. ಈ ಮೂರು ತಿಂಗಳಿಂದ ಅವರು ದ್ವೀಪದ ಮನೆಮನೆಗೂ ಹೋಗಿ ಹೇಳಿಕೊಂಡು ಬಂದದ್ದು ಅದೊಂದನ್ನೇ.

ಹೊಸ ವರ್ಷದ ಹಬ್ಬಕ್ಕೆ ಇಪ್ಪತ್ತು ದಿನ ಉಳಿದಿತ್ತು. ಆ ಹೊತ್ತಿಗೆ ಹೊಳೆಯ ನಡುವಿನ ನಮ್ಮ ದ್ವೀಪದಲ್ಲಿ ಯಾರ ಮನೆಯ ಒಲೆಯೂ ಆರುವುದಿಲ್ಲ, ಎಲ್ಲರೂ ಅಕ್ಕಿ ಹಪ್ಪಳ ಮಾಡುವವರೇ. ನಮ್ಮತ್ತೆ ಥೋವಾ ಅರವತ್ತೆರಡರ ಹೆಂಗಸು. ಹೊಟ್ಟಿನ ಒಲೆಯ ಮುಂದೆ ಕೂತು, ಮಡಕೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಹಿಟ್ಟು ಸವರಿ, ಬೆಂದ ಹಾಳೆಯನ್ನು ಕೋಲಿನಲ್ಲಿ ಎತ್ತಿ ನನ್ನ ಕಡೆ ಚಾಚುತ್ತಿದ್ದರು. ನಾನು ಬಿದಿರ ತಟ್ಟಿಯ ಮೇಲೆ ಹರಡುತ್ತಿದ್ದೆ. ಹಾಗೆ ಚಾಚಿದ ಕೋಲು ಅವರ ಕೈಯಿಂದ ಜಾರಿ ಬಿತ್ತು.

"ಅಯ್ಯೋ ತಲೆ! ಯಾರೋ ಹಿಂದಿನಿಂದ ಕೊಡಲೀಲಿ ಹೊಡೆದಂಗಾಯ್ತು ಕಣೇ ಮೆನ್" ಎಂದು ನನ್ನ ಹೆಸರು ಹಿಡಿದು ಕೂಗಿ ತಿರುಗಿ ನೋಡಿದರು. ಹಿಂದೆ ಬಾಳೆಗಿಡ ಬಿಟ್ಟರೆ ಯಾರೂ ಇರಲಿಲ್ಲ. ಕೂತಲ್ಲೇ ವಾಂತಿ ಮಾಡಿಕೊಂಡರು.

"ಗಾಳಿ ಹೊಕ್ಕಿದೆ" ಎಂದೆ ನಾನು. ಒಲೆಯ ಮುಂದೆ ಬೆವರಿದ ಮೈಗೆ ಹೊಳೆಯ ಗಾಳಿ ತಗುಲಿದರೆ ಹೀಗಾಗುತ್ತದೆ ಎಂದು ನಮ್ಮವ್ವ ಹೇಳಿದ್ದಳು, ಅವಳಿಗೆ ಅವಳವ್ವ ಹೇಳಿದ್ದಳು. ನೋವಿಗೆ ಹಚ್ಚುವ ಹಸಿರು ಎಣ್ಣೆ ಸವರಿ, ಚಮಚದ ಅಂಚಿನಿಂದ ಬೆನ್ನುಮೂಳೆಯ ಎರಡೂ ಕಡೆ ಗೀರಿದೆ. ಕೆಂಪು ಗೆರೆಗಳೆದ್ದವು. "ನೋಡಿ, ಎಷ್ಟು ಗಾಳಿ ತುಂಬಿಕೊಂಡಿದೆ!" ಎಂದು ದೊಡ್ಡದಾಗಿ ತೋರಿಸಿದೆ ಬೇರೆ. ನನ್ನ ಗಂಡ ಲುವಾನ್ ಸೂಜಿ ತಂದು ಅವ್ವನ ಹತ್ತೂ ಬೆರಳಿನ ತುದಿ ಚುಚ್ಚಿ, ಕೆಟ್ಟ ರಕ್ತ ಹೋಗಲಿ ಎಂದು ಹನಿ ಹನಿ ತೆಗೆದ. ಮೂರು ಗಂಟೆ ಹೀಗೇ ಕಳೆದೆವು. ನೆನೆಸಿಕೊಂಡರೆ ಈಗಲೂ ನನ್ನ ಕೈ ನಾನೇ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ಕ್ವೆನ್ ಅಜ್ಜಿಯ ತಲೆ ಎತ್ತಿ ನೀರು ಕುಡಿಸಲು ಹೋದಳು.

"ಅಮ್ಮಾ, ಅಜ್ಜಿ ಕತ್ತು ಬಗ್ತಾನೇ ಇಲ್ಲ. ಹಲಗೆ ಥರ ಆಗಿದೆ. ಇದು ಗಾಳಿ ಅಲ್ಲ."

"ಹದಿನೈದು ವರ್ಷಕ್ಕೇ ನೀನು ಡಾಕ್ಟ್ರಾಗ್ಬಿಟ್ಯಾ?" ಎಂದ ಲುವಾನ್.

"ಡಾಕ್ಟ್ರಲ್ಲ ಅಪ್ಪ, ಕಣ್ಣಿದೆ ಅಷ್ಟೆ. ದೋಣಿಯೋರಿಗೆ ಫೋನ್ ಮಾಡ್ತೀಯೋ, ನಾನೇ ಮಾಡ್ಲೋ?"

ಪ್ರಾಂತ್ಯದ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಅಲ್ಲಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಮೆದುಳಿನ ರಕ್ತನಾಳದ ಒಂದು ಕಡೆ ಗುಳ್ಳೆ ಎದ್ದಿದೆ, ಅದು ಒಡೆದಿದೆ. ಸದ್ಯಕ್ಕೆ ಹೆಪ್ಪುಗಟ್ಟಿ ನಿಂತಿದೆ. ಇನ್ನೊಮ್ಮೆ ಒಡೆದರೆ ಯಾರ ಕೈಯಲ್ಲೂ ಇಲ್ಲ. ಅದನ್ನು ಒಳಗಿನಿಂದಲೇ ಮುಚ್ಚುವ ಯಂತ್ರ, ಜನ ಎರಡೂ ಕಾನ್‌ಥೋದ ದೊಡ್ಡ ಆಸ್ಪತ್ರೆಯಲ್ಲಿವೆ. ಈಗಲೇ ಹೊರಡಬೇಕು.

"ಬದುಕ್ತಾರಾ?" ಎಂದು ಲುವಾನ್ ಕೇಳಿದ.

"ಬದುಕಬಹುದು. ದಾರೀಲಿ ಹೋಗಲೂಬಹುದು. ಸುಳ್ಳು ಹೇಳಲ್ಲ."

ಲುವಾನ್ ಹೊರಗೆ ಹೋಗಿ ದೊಡ್ಡಪ್ಪನಿಗೆ ಫೋನ್ ಮಾಡಿದ. ದೊಡ್ಡ ಮಾವ ಅಂದರೆ ಇವರೇ, ನನ್ನ ಮಾವನ ಅಣ್ಣ ಖಿಯೆಮ್, ನಮ್ಮ ವಂಶಕ್ಕೆ ಹಿರಿಯರು. ಹೆಣ್ಣು ನೋಡುವುದರಿಂದ ಹಿಡಿದು ಹೆಣ ಎತ್ತುವವರೆಗೆ ಅವರ ಬಾಯಿಂದ ಬಂದದ್ದೇ ತೀರ್ಮಾನ. ಎರಡು ನಿಮಿಷದಲ್ಲಿ ಲುವಾನ್ ವಾಪಸು ಬಂದ. "ಮನೆಗೆ ಕರ್ಕೊಂಡು ಬರ್ಬೇಕಂತೆ" ಎಂದ.

ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಹೊರಗೆ ಸತ್ತವರನ್ನು ಮನೆಯೊಳಗೆ ತರುವಂತಿಲ್ಲ, ತಂದರೆ ಮನೆಗೆ ಕೇಡು. ಒಂಬತ್ತು ವರ್ಷದ ಹಿಂದೆ ನಮ್ಮ ಮಾವ ಸೈಗಾನಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ದೊಡ್ಡ ಮಾವ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ತಾವೇ ಕಟ್ಟಿಸಿದ ಮನೆಯ ಅಂಗಳದಲ್ಲಿ, ಟಾರ್ಪಾಲಿನ ಕೆಳಗೆ, ಮಳೆಯಲ್ಲಿ ಮಾವ ಎರಡು ದಿನ ಮಲಗಿದ್ದರು. ಅತ್ತೆ ಆ ಎರಡು ದಿನವೂ ಪಕ್ಕದ ಕೆಸರಿನಲ್ಲೇ ಕೂತಿದ್ದರು. ಅಂದಿನಿಂದ ಅವರದು ಒಂದೇ ಮಾತು: "ನನ್ನನ್ನ ಮಾತ್ರ ಉಸಿರಿರೋವಾಗ್ಲೇ ಮನೆಗೆ ತಂದ್ಬಿಡಿ. ಅಂಗಳದಲ್ಲಿ ಹಾಕ್ಬೇಡಿ."

ಅವರೇ ಹೇಳಿದ ಮೇಲೆ ನಾನೇನು ಹೇಳಲಿ? ಲುವಾನ್ ಹಾಳೆಗೆ ಸಹಿ ಹಾಕಿದ. ಮನೆಗೆ ಒಯ್ಯುತ್ತೇವೆ ಎಂಬ ಆ ಹಾಳೆ ಅಚ್ಚಾಗಿಯೇ ಇರುತ್ತದೆ, ಹೆಸರು ತುಂಬಿದರೆ ಸಾಕು. ನಮ್ಮ ಕಡೆ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಆಂಬುಲೆನ್ಸಿನಲ್ಲಿ ಅತ್ತೆಯ ಪಕ್ಕ ನಾನು, ಮುಂದೆ ಡ್ರೈವರನ ಜೊತೆ ಲುವಾನ್. ಸ್ಕ್ಯಾನಿನ ಫಿಲ್ಮು ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿ ದಾಟಿರಬೇಕು, ಅತ್ತೆ ಕಣ್ಣು ಬಿಟ್ಟರು.

"ಒಲೆ ಆರಿಸಿದ್ಯಾ?"

"ಅತ್ತೆ?"

"ಮಡಕೇಲಿ ನೀರು ಬತ್ತಿದ್ರೆ ಬಟ್ಟೆ ಸುಡುತ್ತೆ. ಹೊಸಾ ಬಟ್ಟೆ. ನಿಂಗೆ ಎಷ್ಟು ಹೇಳಿದ್ರೂ ಅಷ್ಟೆ..." ಎಂದು ಬೈಯುತ್ತಲೇ ಮತ್ತೆ ಕಣ್ಣು ಮುಚ್ಚಿದರು.

ಹದಿನೇಳು ವರ್ಷದಿಂದ ಈ ಹೆಂಗಸಿನ ಬೈಗುಳ ತಿಂದಿದ್ದೇನೆ. ಇದು ಸಾಯುವವರ ದನಿಯಲ್ಲ, ನನಗೆ ಗೊತ್ತು. ನಡುವಿನ ಗಾಜನ್ನು ಬಡಿದೆ.

"ನಿಲ್ಸಿ! ಎಡಕ್ಕೆ ತಿರುಗಿಸ್ಬೇಡಿ. ಸೀದಾ ಕಾನ್‌ಥೋಗೆ ಹೋಗಿ."

"ಹಾಳೇಲಿ ಮನೆ ಅಂತ ಬರ್ದಿದೆ ಅಕ್ಕಾ" ಎಂದ ಡ್ರೈವರ್.

"ಹಾಳೆ ಬರ್ದೋರು ಬೇಡ ಅಂತಿದ್ದೀವಿ."

"ಮೆನ್, ಸುಮ್ನಿರು!" ಲುವಾನ್ ತಿರುಗಿ ಗದರಿದ. "ದೊಡ್ಡಪ್ಪ ಏನಂತಾರೆ?"

"ನಿನ್ನ ದೊಡ್ಡಪ್ಪನ ತಲೆ ಒಡೆದಿಲ್ಲ, ನಿಮ್ಮವ್ವಂದು ಒಡೆದಿರೋದು. ಒಲೆ ಆರಿಸಿದ್ಯಾ ಅಂತ ಬೈತಿದ್ದಾರೆ ಕಣೋ! ಇವ್ರನ್ನ ತಗೊಂಡ್ಹೋಗಿ ಮಲಗಿಸಿ ಸಾಯೋದನ್ನ ಕಾಯ್ತಾ ಕೂರ್ತೀಯಾ?"

"ಅವ್ವನೇ ಹೇಳಿದ್ದಲ್ವಾ..."

"ಸಾಯೋ ಹಂಗಾದ್ರೆ ಅಂತ ಹೇಳಿದ್ರು. ಬದುಕೋ ಹಂಗಿದ್ರೆ ಅಂತ ಹೇಳಿರ್ಲಿಲ್ಲ."

ಡ್ರೈವರ್ ಗಾಡಿಯನ್ನು ಪಕ್ಕಕ್ಕೆ ಹಾಕಿ ಆಸ್ಪತ್ರೆಗೇ ಫೋನ್ ಹಚ್ಚಿದ. ಡಾಕ್ಟರ ದನಿ ನನಗೂ ಕೇಳಿಸಿತು: "ಹೋಗಿ, ಬೇಗ ಹೋಗಿ. ಚೀಟಿ ನಾನು ಕಳಿಸ್ತೀನಿ." ಎಡಕ್ಕೆ ದೋಣಿಕಟ್ಟೆ, ನೇರ ಹೋದರೆ ಕಾನ್‌ಥೋ ಸೇತುವೆ. ನೇರ ಹೋದೆವು.

ಸೇತುವೆಯ ಮೇಲಿರುವಾಗ ಕ್ವೆನ್ ಫೋನ್ ಮಾಡಿದಳು. "ಅಮ್ಮಾ, ಎಲ್ಲಿದ್ದೀರಾ? ಇಲ್ಲಿ ದೊಡ್ಡಜ್ಜ ಶಾಮಿಯಾನ ಹಾಕಿಸ್ಬಿಟ್ಟಿದ್ದಾರೆ. ಬಾಜಾದೋರಿಗೂ ಹೇಳಿದ್ದಾರೆ. ಹಂದಿ ಕಡಿದಾಯ್ತು."

"ಶಾಮಿಯಾನ ಬಿಚ್ಚಿಸು."

"ಹಂದಿ?"

"ಹಂದೀನ ಇನ್ನು ಜೋಡ್ಸೋಕಾಗುತ್ತಾ? ತಿನ್ನೋರು ತಿನ್ಲಿ."

ಕಾನ್‌ಥೋದಲ್ಲಿ ನಮ್ಮನ್ನು ಎದುರುಗೊಂಡವರು ಕುಳ್ಳಗಿನ, ಕೂದಲು ಕತ್ತರಿಸಿಕೊಂಡ ಒಬ್ಬ ಲೇಡಿ ಡಾಕ್ಟರು. ಕೈಯಲ್ಲಿ ಅರ್ಧ ತಿಂದ ಬ್ರೆಡ್ಡಿತ್ತು. ಫಿಲ್ಮು ನೋಡುತ್ತಲೇ ಬ್ರೆಡ್ಡನ್ನು ಜೇಬಿಗೆ ತುರುಕಿದರು.

"ಬುರುಡೆ ತೆರೆಯಲ್ಲ" ಎಂದರು. "ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆ ಬಿಟ್ಟು ಮೇಲಕ್ಕೆ ಹೋಗ್ತೀವಿ. ಗುಳ್ಳೆ ಒಳಗೆ ಪ್ಲಾಟಿನಮ್ ತಂತಿ ಸುತ್ತಿ ಸುತ್ತಿ ತುಂಬ್ತೀವಿ. ಕೂದಲಿನಷ್ಟು ಸಣ್ಣ ತಂತಿ. ಅದು ತುಂಬಿದ ಮೇಲೆ ರಕ್ತ ಅದರೊಳಗೆ ನುಗ್ಗಲ್ಲ."

"ತಲೆ ಕಾಯಿಲೆಗೆ ತೊಡೆಯಿಂದಾನಾ?" ಲುವಾನನಿಗೆ ನಂಬಿಕೆ ಬರಲಿಲ್ಲ.

"ನೀವು ಹೊಳೆ ಕಡೆಯೋರಲ್ವಾ? ನೀರು ಹಿಡಿದು ಹೋದ್ರೆ ಯಾವ ಊರು ಸೇರೋಕಾಗಲ್ಲ ಹೇಳಿ. ನಳಿಗೆ ಹೋಗ್ತಾ ಗುಳ್ಳೆ ಒಡೆಯೋ ಅಪಾಯವೂ ಇದೆ. ಹಾಗೇ ಬಿಟ್ರೆ ಅದಕ್ಕಿಂತ ಹೆಚ್ಚು ಅಪಾಯ. ಸಹಿ ಯಾರು ಹಾಕೋದು?"

ಲುವಾನ್ ಪೆನ್ನು ಹಿಡಿದುಕೊಂಡು ಫೋನ್ ನೋಡಿದ. ದೊಡ್ಡಪ್ಪನಿಂದ ಹದಿನೇಳು ಕರೆ ಬಂದಿದ್ದವು. ನಾನು ಫೋನ್ ಕಿತ್ತುಕೊಂಡು ಆಫ್ ಮಾಡಿದೆ.

"ಏನಾದ್ರೂ ಹೆಚ್ಚುಕಡ್ಮೆ ಆದ್ರೆ ನೀನೇ ಉತ್ತರ ಹೇಳ್ಬೇಕು" ಎಂದ.

"ಹೇಳ್ತೀನಿ. ಹಾಕು ಸಹಿ."

ಮೂರು ಗಂಟೆ ಹಿಡಿಯಿತು. ಡಾಕ್ಟರು ಹೊರಗೆ ಬಂದಾಗ ಎಕ್ಸ್‌ರೇ ತಡೆಯುವ ಸೀಸದ ಭಾರದ ನಿಲುವಂಗಿ ಇನ್ನೂ ಮೈಮೇಲಿತ್ತು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. "ಗುಳ್ಳೆ ಮುಚ್ಚಿದೆ" ಎಂದರು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ, ಯಾರು ನೋಡಿದರೂ ನೋಡಲಿ ಎಂದು. ಅವರ ಮಾತು ಮುಗಿದಿರಲಿಲ್ಲ. "ಇನ್ನೆರಡು ವಾರ ರಕ್ತನಾಳ ಸೆಟೆದುಕೊಳ್ಳೋ ಅಪಾಯ ಇದೆ, ನಾಲ್ಕು ಗಂಟೆಗೊಮ್ಮೆ ಮಾತ್ರೆ ತಪ್ಪಿಸೋ ಹಾಗಿಲ್ಲ. ಮತ್ತೆ ಬಲಗಡೆ ಇನ್ನೊಂದು ಸಣ್ಣ ಗುಳ್ಳೆ ಇದೆ. ಅದು ಒಡೆದಿಲ್ಲ. ಸುಧಾರಿಸಿಕೊಳ್ಳಲಿ, ಮೂರು ತಿಂಗಳು ಬಿಟ್ಟು ಅದನ್ನೂ ಮುಚ್ಚೋಣ."

ಮೂರು ವಾರ ಆಸ್ಪತ್ರೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಇದ್ದೆವು. ವಿಮೆಯವರು ಕೊಟ್ಟು ಉಳಿದದ್ದಕ್ಕೆ ಮದುವೆಯಲ್ಲಿ ಅತ್ತೆ ನನ್ನ ಕೊರಳಿಗೆ ಹಾಕಿದ ಸರ ಮಾರಿದೆ. ಮೂರನೆಯ ದಿನ ದೊಡ್ಡ ಮಾವ ಬಂದರು. ನಾನು ಗಂಜಿ ಆರಿಸುತ್ತಿದ್ದೆ.

"ಬೆನ್ನು ಗೀರಿ ಗೀರಿ ಹೊತ್ತು ಕಳೆದೋಳು ನೀನು. ಈಗ ತೊಡೆಗೆ ತೂತು ಹೊಡ್ಸಿದ್ದೀಯ. ನಾಳೆ ಅವಳು ಇಲ್ಲೇ ಕಣ್ಮುಚ್ಚಿದ್ರೆ?"

"ಕಣ್ಬಿಟ್ಟಿದ್ದಾರೆ ದೊಡ್ಡ ಮಾವ. ಒಳಗೋಗಿ ನೋಡಿ."

"ಹೊರಗಿನಿಂದ ಬಂದ ಸೊಸೆ ಮನೆತನದ ತೀರ್ಮಾನ ಮುರೀತಾಳೆ ಅಂದ್ರೆ ಆ ಮನೆ ಉದ್ಧಾರ ಆದಂಗೇ."

"ಗೀರಿದ್ದು ನನ್ನ ತಪ್ಪು, ಎಲ್ರೆದುರಿಗೂ ಒಪ್ಕೊತೀನಿ. ಗಾಡೀನ ಕಾನ್‌ಥೋಗೆ ಬಿಡ್ಸಿದ್ದು ತಪ್ಪು ಅಂತ ಸತ್ರೂ ಒಪ್ಪಲ್ಲ. ಗಂಜಿ ಕುಡೀತೀರಾ?"

ಕುಡಿಯಲಿಲ್ಲ. ಹೊರಟು ಹೋದರು. ಲುವಾನ್ ಅವರ ಹಿಂದೆಯೇ ಲಿಫ್ಟಿನವರೆಗೂ ಹೋದ, ವಾಪಸು ಬಂದು ತನ್ನ ಚಾಪೆಯನ್ನು ನನ್ನ ಪಕ್ಕದಿಂದ ಆಚೆ ತುದಿಗೆ ಎಳೆದುಕೊಂಡ.

ಹೊಸ ವರ್ಷದ ಹಬ್ಬ ಆಸ್ಪತ್ರೆಯಲ್ಲೇ ಕಳೆಯಿತು. ಹಬ್ಬದ ಮೂರನೆಯ ದಿನ ಅತ್ತೆಯನ್ನು ಮನೆಗೆ ತಂದೆವು. ಎಡಗೈ ಸ್ವಾಧೀನದಲ್ಲಿರಲಿಲ್ಲ, ಮಾತು ನಿಧಾನ. ಬೈಯುವುದು ಮಾತ್ರ ಮೊದಲಿನಷ್ಟೇ ಸಲೀಸು.

"ಈ ಮೀನಿಗೆ ಉಪ್ಪು ಹಾಕಿದ್ಯೋ, ತೋರ್ಸಿ ತೆಗ್ದಿದ್ಯೋ?"

"ಡಾಕ್ಟ್ರು ಕಡ್ಮೆ ಮಾಡಿ ಅಂದಿದ್ದಾರೆ ಅಜ್ಜಿ, ಬಿ.ಪಿ.ಗೆ" ಎಂದಳು ಕ್ವೆನ್.

"ಆ ಡಾಕ್ಟ್ರನ್ನೇ ಕರ್ದು ತಿನ್ಸು." ಅನ್ನದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಲ್ಲಿ ಊಟದ ಕಡ್ಡಿ ಹಿಡಿದು ತಾವೇ ತಿಂದರು. ತಿನ್ನಿಸಲು ಹೋದರೆ ಕಡ್ಡಿಯಲ್ಲೇ ಹೊಡೆಯುತ್ತಿದ್ದರು. ಆಮೇಲೆ ಕೇಳಿದರು, "ನನ್ನ ಹೆಸರಲ್ಲಿ ಹಂದಿ ಕಡಿದ್ರಂತಲ್ಲ, ಯಾರ್ಯಾರು ತಿಂದ್ರೇ?"

ಪಕ್ಕದ ಮನೆಯವಳು ಹಣ್ಣು ತಂದವಳು ಬಾಗಿಲಲ್ಲೇ ನಿಂತಿದ್ದಳು, ಮುಖ ಕೆಂಪಗಾಯಿತು. "ಇಡೀ ಬೀದಿಯೋರು ತಿಂದ್ವಿ ಅಕ್ಕಾ. ಎಸೆಯೋಕಾಗುತ್ತಾ?"

"ರುಚಿಯಾಗಿತ್ತಾ?"

"ಚೆನ್ನಾಗಿತ್ತು."

"ಹಂಗಾದ್ರೆ ಮುಂದಿನ ವಾರ ಬಂದು ನಾಲ್ಕು ದಿನ ಹಪ್ಪಳ ಹರಡು. ಪುಕ್ಕಟೆ ತಿಂದಿದ್ದು ಅರಗಲ್ಲ." ಅವಳು ಬಂದು ಹರಡಿದಳು ಕೂಡ.

ಗಾಡಿಯನ್ನು ಕಾನ್‌ಥೋಗೆ ಬಿಡಿಸಿದ ಕತೆ ಅತ್ತೆಗೆ ಯಾರು ಹೇಳಿದರೋ ತಿಳಿಯದು. ಒಂದು ಬೆಳಿಗ್ಗೆ ನಾನು ಅವರ ಕೂದಲು ಬಾಚುತ್ತಿದ್ದಾಗ ಬಾಚಣಿಗೆ ಕಿತ್ತುಕೊಂಡರು.

"ನಾನು ಏನು ಹೇಳಿದ್ದೆ ನಿಂಗೆ? ಉಸಿರಿರೋವಾಗ್ಲೇ ತನ್ನಿ ಅಂದಿರ್ಲಿಲ್ವಾ? ಅಲ್ಲೇ ಹೋಗ್ಬಿಟ್ಟಿದ್ರೆ ನನ್ನೂ ಕೆಸರಲ್ಲಿ ಹಾಕೋರು!"

"ಹೋಗ್ಲಿಲ್ಲವಲ್ಲ ಅತ್ತೆ."

"ಹೋಗಿದ್ರೆ?"

ಬದುಕಿಸಿದ್ದಕ್ಕೆ ಈ ಬಹುಮಾನ! ಬಾಚಣಿಗೆ ಅಲ್ಲೇ ಬಿಟ್ಟು ಹಿಟ್ಟು ರುಬ್ಬಲು ಎದ್ದು ಹೋದೆ. ಅವತ್ತಿನ ಹಿಟ್ಟಿಗೆ ಉಪ್ಪು ಹಾಕುವುದನ್ನು ಮರೆತೆ, ಅದಕ್ಕೂ ಬೈಸಿಕೊಂಡೆ.

ಎರಡನೆಯ ಗುಳ್ಳೆಯ ದಿನ ಹತ್ತಿರ ಬಂತು. ಆಸ್ಪತ್ರೆಯಿಂದ ಫೋನ್ ಬಂದಾಗ ಅತ್ತೆ "ನಾನು ಬರಲ್ಲ" ಎಂದುಬಿಟ್ಟರು. ದೊಡ್ಡ ಮಾವನಿಗೆ ಹಾಲು ಕುಡಿದಷ್ಟು ಸಂತೋಷ. ಲುವಾನ್ ಎಂದಿನಂತೆ ನೆಲ ನೋಡಿದ.

ಅವತ್ತು ಅತ್ತೆ ಒಲೆಯ ಮುಂದೆ ಕೂತು ಒಂದೇ ಕೈಯಲ್ಲಿ ಹಪ್ಪಳ ಎತ್ತಲು ನೋಡುತ್ತಿದ್ದರು. ಹಾಳೆ ಹರಿದು ಹರಿದು ಬಿತ್ತು. ನಾಲ್ಕನೆಯದು ಹರಿದಾಗ ಸವಟನ್ನು ಬೀಸಿ ಒಗೆದರು, ಅದು ತಟ್ಟಿಗೆ ತಗುಲಿತು.

"ಅತ್ತೆ, ಒಂದು ಕೇಳ್ತೀನಿ" ಎಂದೆ. "ಆ ಗುಳ್ಳೆ ಒಡೆಯುತ್ತೆ ಅಂತ ಭಯ ಇಲ್ವಾ?"

"ಸಾವಿಗೆ ಯಾವಳು ಹೆದರ್ತಾಳೇ?"

"ಸಾವಿಗಲ್ಲ, ನೀವು ಅಂಗಳಕ್ಕೆ ಹೆದರ್ತಿದ್ದೀರಿ. ಆ ಎರಡು ದಿನಕ್ಕೆ ಹೆದರ್ಕೊಂಡು ಇನ್ನಿಪ್ಪತ್ತು ವರ್ಷ ಕಳ್ಕೊತಿದ್ದೀರಿ."

"ನೀನು ಕೂತಿದ್ಯೇನೇ ಆ ಕೆಸರಲ್ಲಿ?" ಎಂದು ಒಲೆಗೆ ಹೊಟ್ಟು ತುರುಕಿದರು. "ಬಾಗ್ಲು ತೆಗೀರಿ ಅಂತ ನಾನು ಕೇಳ್ಲಿಲ್ಲ. ಅದೇ ನನ್ನ ಸುಡ್ತಿರೋದು. ಒಂದು ಮಾತು ಕೇಳ್ಲಿಲ್ಲ. ಸೊಸೆಯಾಗಿ ಬಂದೋಳು, ಹೆಂಗೆ ಕೇಳೋದು ಅಂತ ಬಾಯ್ಮುಚ್ಕೊಂಡು ಕೂತೆ."

ನಾನೂ ಆ ಮನೆಗೆ ಸೊಸೆಯಾಗಿ ಬಂದವಳೇ. ಬಿದ್ದ ಸವಟು ತೊಳೆದು ಅವರ ಕೈಗೇ ಕೊಟ್ಟೆ. ಹಿಟ್ಟು ಅವರು ಸವರಿದರು, ಹಾಳೆ ನಾನು ಎತ್ತಿದೆ. ಸಂಜೆಯ ಹೊತ್ತಿಗೆ ಎರಡು ತಟ್ಟಿ ತುಂಬಿದವು.

ಮರುವಾರ ಮಾವನ ತಿಥಿ. ಪೂರ್ವಜರ ಪೀಠದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟೆವು: ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಮೀನು, ಬಿದಿರ ಕಳಲೆಯ ಸಾರು, ಒಂದು ಲೋಟ ಅಕ್ಕಿ ಹೆಂಡ. ದೊಡ್ಡ ಮಾವ ಊದುಬತ್ತಿ ಹಚ್ಚಿ ತಮ್ಮನನ್ನು ಊಟಕ್ಕೆ ಕರೆದರು. ಬತ್ತಿ ಉರಿದು ಮುಗಿದ ಮೇಲೆ ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತೆವು.

"ಥೋವಾ, ನೀನು ಹೋಗಲ್ಲ ಅಂದದ್ದು ಒಳ್ಳೇದಾಯ್ತು" ಎಂದರು ದೊಡ್ಡ ಮಾವ. "ಒಂದ್ಸಲ ದೇವ್ರು ಕೈ ಹಿಡ್ದ. ಪದೇ ಪದೇ ಹಿಡೀತಾನಾ? ಅಲ್ಲೇ ಏನಾದ್ರೂ ಆದ್ರೆ ಆಮೇಲೆ ನನ್ನನ್ನ ಬಯ್ಯೋ ಹಾಗಿಲ್ಲ. ಮನೆ ನಿಯಮ ನಾನು ಮಾಡಿದ್ದಲ್ಲ."

ಅತ್ತೆ ಕಡ್ಡಿ ಕೆಳಗಿಟ್ಟರು. "ಭಾವ, ಈಗ ಊಟಕ್ಕೆ ಯಾರನ್ನ ಕರೆದ್ರಿ?"

"ಇದೇನು ಕೇಳ್ತೀಯ? ನನ್ನ ತಮ್ಮನ್ನ."

"ಎಲ್ಲಿಗೆ ಕರೆದ್ರಿ?"

"ಇಲ್ಲಿಗೆ, ಪೀಠದ ಹತ್ರಕ್ಕೆ. ಇನ್ನೆಲ್ಲಿಗೆ?"

"ಸತ್ತೋರನ್ನ ಒಳಗೆ ತಂದ್ರೆ ಮನೆಗೆ ಕೇಡು ಅಂತ ಅವತ್ತು ಮಳೇಲಿ ಮಲಗಿಸಿದ್ರಿ. ಒಂಬತ್ತು ವರ್ಷದಿಂದ ನೀವೇ ಹೆಸರು ಹಿಡಿದು ಒಳಗೆ ಕರ್ದು ಊಟಕ್ಕೆ ಹಾಕ್ತಿದ್ದೀರಿ. ಯಾವ ಕೇಡಾಯ್ತು ಹೇಳಿ?"

ಕ್ವೆನ್ ನನ್ನ ಮೊಣಕೈ ಹಿಡಿದುಕೊಂಡಳು.

"ಅದು ಬೇರೆ, ಇದು ಬೇರೆ" ಎಂದರು ದೊಡ್ಡ ಮಾವ. "ಇದನ್ನೆಲ್ಲ ನಿಂಗೆ ತಲೆಗೆ ತುಂಬಿದೋಳು ಯಾರು ಅಂತ ಗೊತ್ತು."

"ನನ್ನ ತಲೆಗೆ ತುಂಬಿರೋದು ತಂತಿ. ಅದನ್ನ ತುಂಬಿಸಿದೋಳು ಇವಳೇ, ಹೌದು. ಇಲ್ದಿದ್ರೆ ನಾನೂ ಇವತ್ತು ಪೀಠದ ಮೇಲೆ ಕೂತು ಉಪ್ಪಿಲ್ಲದ ಮೀನು ತಿಂತಿದ್ದೆ." ಅವರು ಮಗನ ಕಡೆ ತಿರುಗಿದರು. "ಲುವಾನ್, ನಾಡಿದ್ದು ನಾನು ಕಾನ್‌ಥೋಗೆ ಹೋಗ್ತೀನಿ. ನಡ್ಕೊಂಡು ಬಂದ್ರೂ ಮುಂಬಾಗ್ಲಿಂದಾನೇ ಬರ್ತೀನಿ, ಹೊತ್ಕೊಂಡು ಬಂದ್ರೂ ಮುಂಬಾಗ್ಲಿಂದಾನೇ ಬರ್ತೀನಿ. ಅವತ್ತು ನಿಮ್ಮಪ್ಪನಿಗೋಸ್ಕರ ಕೇಳ್ಲಿಲ್ಲ, ಈಗ ನನಗೋಸ್ಕರ ಕೇಳ್ತಿದ್ದೀನಿ. ಬಾಗ್ಲು ತೆಗೀತೀಯಾ?"

"ತೆಗೀತೀನವ್ವ" ಎಂದ ಲುವಾನ್, ನೆಲ ನೋಡಿಕೊಂಡೇ.

"ನಿಮ್ಮ ದೊಡ್ಡಪ್ಪ ಅಡ್ಡ ನಿಂತ್ರೆ?"

ಅವನು ತಲೆ ಎತ್ತಿದ. ನನ್ನನ್ನು ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ. ದೊಡ್ಡಪ್ಪನ ಮುಖವನ್ನೇ ನೋಡಿದ.

"ಸರಿಸಿ ತೆಗೀತೀನಿ."

ದೊಡ್ಡ ಮಾವ ಏಳಲಿಲ್ಲ, ಬಟ್ಟಲು ಹಿಡಿದುಕೊಂಡು ಹಾಗೇ ಕೂತರು. ಅತ್ತೆ ಮತ್ತೆ ಕಡ್ಡಿ ಕೈಗೆತ್ತಿಕೊಂಡರು.

"ಏ ಮೆನ್, ಏನು ಬಾಯ್ಬಿಟ್ಕೊಂಡು ಕೂತಿದ್ದೀಯ? ಭಾವನ ಬಟ್ಟಲು ಖಾಲಿಯಾಗಿದೆ, ಬಡಿಸು."